ಹಾಲಿಗೆ ಹೋಗಿ

ಅನನ್ಯಾ, ಸುಹಾಸ್, ನಿಮ್ಮ ಅಮ್ಮ ಮಂಜುಳಾ ನಿಮ್ಮಷ್ಟೇ ಚಿಕ್ಕವಳಿದ್ದ ಕಾಲದ ಮಾತಿದು. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ನಾವು ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಕರಾವಳಿಯ ಕಲ್ಯಾಣಪುರದ ಹೊಳೆಬದಿಯ ತೆಂಗಿನ ತೋಟದಲ್ಲಿ ಜೋಪಡಿ ಹಾಕಿಕೊಂಡಿದ್ದೆವು. ಒದ್ದೆ ಟಾರ್ಪಾಲಿನ ವಾಸನೆ, ಹೊಗೆಯಲ್ಲಿ ಬೆಂದ ಜೋಳದ ರೊಟ್ಟಿ, ಇದರಲ್ಲೇ ಮಂಜಿ ಬೆಳೆದಳು.

ಏರಿನ ಮೇಲೆ ಊರವರೆಲ್ಲ ಕೂಡಿ ಕಟ್ಟಿಸಿದ ಸಭಾಭವನವಿತ್ತು. ಮದುವೆ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ ಎಲ್ಲ ಅಲ್ಲೇ. ಅದರ ಊಟದ ಕೋಣೆಗೆ ಮರಳು ಹೊತ್ತವರು ನಾವು. ಕಟ್ಟಿ ಮುಗಿದ ಮೇಲೆ ಒಳಗೆ ಕಾಲಿಟ್ಟಿರಲಿಲ್ಲ. ಊರವರು ಅದಕ್ಕೆ ಹಾಲ್ ಎನ್ನುತ್ತಾರೆಂದು ನಮಗೆ ಗೊತ್ತಿರಲಿಲ್ಲ. ನಮ್ಮ ಬಾಯಲ್ಲಿ ಅದು ಮದುವಿ ಮನಿ.

ಆ ವರ್ಷ ಆಟಿ ತಿಂಗಳಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಒಂದು ಮಧ್ಯಾಹ್ನ, ಸಭಾಭವನ ನೋಡಿಕೊಳ್ಳುತ್ತಿದ್ದ ವಾಸಣ್ಣ ದಂಡೆಯ ಮೇಲೆ ಸೈಕಲ್ಲಿನಲ್ಲಿ ಕೂಗುತ್ತ ಹೋದರು. ಗಾಳಿಯಲ್ಲಿ ನಮಗೆ ಕೇಳಿಸಿದ್ದು ಇಷ್ಟೇ: "ಹಾಲಿಗೆ ಹೋಗಿ! ಬೇಗ ಹಾಲಿಗೆ ಹೋಗಿ!"

"ಪುಗಸಟ್ಟೆ ಕೊಡಾಕತ್ತಾರೇನ?" ಎಂದು ಪಕ್ಕದ ಜೋಪಡಿಯವರು ಚರಿಗೆ ಹುಡುಕತೊಡಗಿದರು.

"ಮಳ್ಯಾಗ ಡೈರಿ ಲಗೂನ ಮುಚ್ಚತಾರ ಕಾಣತೈತಿ. ಮಂಜೀನ ಕಳಸು," ಎಂದರು ನಿಮ್ಮ ಅಜ್ಜ.

ತಂಬಿಗೆ ಕೊಟ್ಟು ಕಳಿಸಿದೆ. ಡೈರಿ ಇದ್ದದ್ದು ಹೊಳೆಗೆ ಸೇರುವ ತೋಡಿನ ಆಚೆ. ದಾಟಲು ತೆಂಗಿನ ಮರ ಜೋಡಿಸಿದ ಸಂಕ.

ಸ್ವಲ್ಪ ಹೊತ್ತಿಗೆ ನಮ್ಮ ಒಲೆಗೇ ನೀರು ಬಂತು. ವಾಸಣ್ಣ ಮೊಣಕಾಲುದ್ದ ನೀರಿನಲ್ಲಿ ಓಡಿ ಬಂದರು.

"ಎಂತ ಮಾರಾಯ್ರೆ, ಇನ್ನೂ ಇಲ್ಲೇ ಇದ್ದೀರಾ? ಹಾಲಿಗೆ ಹೋಗಿ ಅಂತ ಬೊಬ್ಬೆ ಹಾಕಿದ್ದು ಕೇಳ್ಲಿಲ್ವಾ?"

"ಮಗಳು ಹಾಲಿಗೆ ಹೋಗ್ಯಾಳ್ರಿ," ಎಂದೆ.

"ಅವಳು ಜಾಣೆ. ನೀವೂ ಬನ್ನಿ!"

ಗಂಟು ಹೊತ್ತು ಹಿಂದೆ ನಡೆದೆವು. ಡೈರಿಗೆ ಇದು ಬೇರೆ ದಾರಿಯಿರಬೇಕು ಎಂದುಕೊಂಡೆ. ಕೇಳಲು ನಾಚಿಕೆ. ಮದುವಿ ಮನಿಯ ಬಾಗಿಲಲ್ಲಿ ವಾಸಣ್ಣ, "ಹಾಲಿನ ಒಳಗೆ ಬನ್ನಿ, ಒದ್ದೆ ಆದ್ರೆ ಅಡ್ಡಿಲ್ಲ," ಎಂದರು. ಒಳಗೆ ಜನ ತುಂಬಿದ್ದರು. ಮಂಜಿ ಇರಲಿಲ್ಲ.

"ಹಾಲಿಗೆ ಹೋಗಿದ್ದಾಳೆ ಅಂದ್ರಲ್ಲ ಅಕ್ಕಾ?"

"ಹಾಲು ತರಾಕ್ರಿ... ತಂಬಿಗಿ ತಗೊಂಡು, ಸಂಕದ ಆಚೆ."

"ಅಯ್ಯೋ, ನಾನು ಹೇಳಿದ್ದು ಈ ಹಾಲ್ ಮಾರಾಯ್ರೆ!" ಎಂದರು ವಾಸಣ್ಣ. ನಿಮ್ಮ ಅಜ್ಜ ಗಂಟು ಬಿಸಾಡಿ ತೋಡಿನ ಕಡೆ ಓಡಿದರು. ಅವರು ಮುಟ್ಟುವುದರೊಳಗೆ ಮಂಜಿ ತಿರುಗಿ ಹೊರಟಿರುತ್ತಾಳೆ. ನೀರು ಹತ್ತಿದ ಸಂಕದ ಮೇಲೆ ಕಾಲಿಡುತ್ತಾಳೆ ಎಂದು ನನಗೆ ಹೊಳೆಯಿತು.

ವಾಸಣ್ಣ ಬ್ಯಾಟರಿ ಮೈಕನ್ನು ನನ್ನ ಕೈಗೆ ತುರುಕಿದರು. "ಹಾರ್ನ್ ತೋಡಿನ ಕಡೆಗೇ ಉಂಟು. ದಾಟಬೇಡ ಅಂತ ಹೇಳಿ. ನಿಮ್ಮ ಸ್ವರ ಆದ್ರೆ ನಿಲ್ತಾಳೆ."

ಅಷ್ಟು ಜನರೆದುರು ನಾನು ಎಂದೂ ಬಾಯಿ ತೆರೆದವಳಲ್ಲ. ಮೈಕನ್ನು ಬಾಯಿಗೆ ಹಿಡಿದೆ. ಆಮೇಲೆ ಬಂದದ್ದು ನನ್ನ ದನಿ ಅನ್ನಿಸಲಿಲ್ಲ.

"ಮಂಜೀ! ಸಂಕ ದಾಟಬ್ಯಾಡ! ಅಲ್ಲೇ ನಿಂದ್ರವ್ವಾ!"

ಅದನ್ನೇ ಕೂಗಿದೆ, ಉಸಿರು ಸಿಗದಿದ್ದರೂ ಕೂಗಿದೆ.

ನಿಮ್ಮ ಅಜ್ಜ ಬಂದಾಗ ದೀಪ ಹಚ್ಚುವ ಹೊತ್ತು. ಬಾಗಿಲಲ್ಲೇ ಕೂತರು.

"ಅದಾಳ. ಆಚೀ ದಂಡಿಗೆ ಅದಾಳ. ಡೈರಿಯಾಕಿ ಕೈ ಹಿಡಕೊಂಡು ನಿಂತಾಳ. ಒಂದ ಕಾಲ ಇಟ್ಟಿದ್ದಳು, ನಿನ್ನ ದನಿ ಕೇಳಿ ಹಿಂದ ತಗೊಂಡಳು. ನಾ ನೋಡೇನಿ." ಅವರ ಕಣ್ಣೆದುರೇ ಸಂಕ ಕೊಚ್ಚಿಹೋಗಿತ್ತಂತೆ.

ನೀರು ಇಳಿಯುವವರೆಗೆ ಹಾಲಿನಲ್ಲೇ ಇದ್ದೆವು. ಊರ ಹೆಂಗಸರು ಮದುವೆಯ ಹಂಡೆಗಳಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿ, ಮಾವಿನ ಉಪ್ಪಿನಕಾಯಿಯೊಂದಿಗೆ ಬಡಿಸಿದರು. ಮರುದಿನ ದೋಣಿಯಲ್ಲಿ ಆಚೆಯಿಂದ ಬಂದ ಮಂಜಿ ವೇದಿಕೆಯ ಮೇಲೆ ಊರ ಮಕ್ಕಳೊಂದಿಗೆ ಕುಂಟಾಟ ಆಡಿದಳು.

ಈಗ ಅಲ್ಲಿ ಗಾಜಿನ ಬಾಗಿಲು, ಏಸಿ, ಗೇಟಿಗೆ ಕಾವಲು. ಮದುವೆಗಳು ಚೆಂದ ನಡೆಯುತ್ತವೆ. ಒಳಗೆ ಎಷ್ಟು ಕೂಗಿದರೂ ಹೊರಗೆ ಕೇಳಿಸುವುದಿಲ್ಲ. ಹೊಳೆಬದಿಯಲ್ಲಿ ಬೇರೆ ರಾಜ್ಯದವರ ಜೋಪಡಿಗಳಿವೆ. ಮಳೆ ಜೋರಾದರೆ ಅವರನ್ನು ಕರೆಯಲು ಯಾರೂ ಹೋದದ್ದನ್ನು ನಾನು ಕಂಡಿಲ್ಲ. ವಾಸಣ್ಣ ಇಲ್ಲ, ನಿಮ್ಮ ಅಜ್ಜ ಇಲ್ಲ. ನಿಮ್ಮ ಅಮ್ಮನನ್ನು ಕೇಳಿದರೆ ನೆನಪಿಲ್ಲ ಎನ್ನುತ್ತಾಳೆ. ಆ ದಿನ ಕೂಗಿದ್ದು ನಾನೆಂದು ನೆನಪಿಟ್ಟವಳು ಈಗ ನಾನೊಬ್ಬಳೇ ಇರಬೇಕು. ಈ ಹಾಳೆಗಳನ್ನು ನೀರು ತಾಗದ ಕಡೆ ಇಡಿ, ಮಕ್ಕಳೇ.