ಹತ್ತು ಪಾಲಿನ ಟೋಳಿ

ಹುಲಿಗೆಪ್ಪನಿಗೆ ಜನ್ಮದಲ್ಲಿ ಒಮ್ಮೆ ಕುರ್ಚಿ ಸಿಕ್ಕಿತು. ಅದೇ ಅವನನ್ನು ಕೆಡಿಸಿತು.

ವಿಜಯಪುರದ ಕಡೆಯಿಂದ ಬಂದು ಸಾಂಗಲಿಯ ಅರಿಶಿನ ಪೇಟೆಯಲ್ಲಿ ಚೀಲ ಹೊತ್ತೇ ನಡುವಯಸ್ಸು ದಾಟಿದವನು. ಸಿದ್ದಪ್ಪ ಸಾವಕಾರರ ಗೋದಾಮಿನಲ್ಲಿ ಹತ್ತು ಹಮಾಲರ ಟೋಳಿಗೆ ಈಗ ಅವನೇ ಮುಂದಾಳು, ಮುಕಾದಮ. ಟೋಳಿಯ ಕಟ್ಟಳೆ ಹಳೆಯದು. ಕೂಲಿ ಚೀಲದ ಲೆಕ್ಕದಲ್ಲಿ ಒಟ್ಟಿಗೆ ಬರುತ್ತದೆ, ಶನಿವಾರ ಹತ್ತು ಸಮ ಪಾಲಾಗುತ್ತದೆ. ಬೆನ್ನು ಸೋತವರು ಚೀಲದ ಬಾಯಿ ಹೊಲಿಯುತ್ತ ಕೂತರೂ ಪಾಲು ಕಡಿಮೆಯಾಗುವುದಿಲ್ಲ. ಯಾರು ಎಷ್ಟು ಹೊತ್ತರು ಎಂಬುದು ಟೋಳಿಯ ಒಳಗಿನ ಮಾತು, ಸಾವಕಾರರ ಕಿವಿಗೆ ಹೋಗುವಂಥದ್ದಲ್ಲ. ಕೈ ಮುರಿದುಕೊಂಡ ವರ್ಷ ಹುಲಿಗೆಪ್ಪನೂ ಒಂದು ಹಂಗಾಮು ಪೂರ್ತಿ ಚೀಲ ಹೊರದೆಯೇ ಪಾಲು ಉಂಡಿದ್ದ. ಆಗ ಮುಕಾದಮನಾಗಿದ್ದವನು ಪರಸಪ್ಪ. ಇವನಿಗೆ ಚೀಲ ಹೊರುವುದನ್ನು ಕಲಿಸಿದವನೂ ಅವನೇ. ಈಗ ಹೊಲಿಯಲು ಕೂರುವ ನಾಲ್ವರು ಮುದುಕರಲ್ಲಿ ಪರಸಪ್ಪನೂ ಒಬ್ಬ.

ಸಾವಕಾರರ ಮಗಳು ಅನುಜಾ ಪುಣೆಯಲ್ಲಿ ಓದಿ ಬಂದು ಕಂಪನಿಯ ಮುಂದಿನ ಹತ್ತು ವರ್ಷದ ಯೋಜನೆ ಹಾಕಲು ಕೂತಳು. ಯಾವ ಕೆಲಸ ಯಂತ್ರಕ್ಕೆ, ಯಾವುದು ಮನುಷ್ಯರಿಗೆ ಎಂಬ ಯೋಜನೆ. ಕೆಟ್ಟ ಹುಡುಗಿಯೇನಲ್ಲ. ಹಮಾಲರಿಗೂ ತಿಂಗಳ ಪಗಾರ, ವಿಮೆ ಇರಬೇಕೆಂಬುದು ಅವಳ ಆಸೆ. ಅದಕ್ಕೇ ಮಿರಜ ರಸ್ತೆಯ ಹೊಸ ಆಫೀಸಿಗೆ ಹುಲಿಗೆಪ್ಪನನ್ನು ಕರೆಸಿದಳು.

“ಕುಂದ್ರಿ ಕಾಕಾ,” ಎಂದು ಕುರ್ಚಿ ಎಳೆದಳು. ತಣ್ಣನೆಯ ಕೋಣೆ, ಕಪ್ಪಿನಲ್ಲಿ ಚಹಾ, ಟೈ ಕಟ್ಟಿದ ಇಬ್ಬರು ಇವನ ಬಾಯಿಯನ್ನೇ ನೋಡುತ್ತಿದ್ದರು. ಇಷ್ಟು ಸಿಕ್ಕ ಮೇಲೆ ನಾಲಿಗೆ ಸುಮ್ಮನಿರಬೇಕಲ್ಲ? ಟೋಳಿ ಹೇಗಿದೆ ಎಂದು ಕೇಳಿದ್ದೇ ತಡ, ಹುಲಿಗೆಪ್ಪ ಎದೆ ಉಬ್ಬಿಸಿದ.

“ನಮ್ಮಂಥಾ ಟೋಳಿ ಇಡೀ ಪ್ಯಾಟ್ಯಾಗ ಇಲ್ಲರಿ. ಹೊರಾವ್ರು ಆರ ಮಂದಿ, ಉಣ್ಣಾವ್ರು ಹತ್ತ ಮಂದಿ. ನಾಕ ಮುದುಕರನ್ನ ನಾವ ಸಾಕೇವಿ.”

ಅನುಜಾ ಅದನ್ನು ಮರಾಠಿಯಲ್ಲಿ ಉಳಿದಿಬ್ಬರಿಗೆ ಹೇಳಿದಳು. ಅವರು ತಲೆದೂಗಿದರು. ದೊಡ್ಡತನ ತೋರಿಸಲು ಆಡಿದ ಮಾತು, ತಲೆದೂಗಿದ್ದನ್ನು ಕಂಡು ಇವನು ಇನ್ನಷ್ಟು ಹಿಗ್ಗಿದ.

ಯುಗಾದಿ ಮುಗಿಯುತ್ತಲೇ ಯೋಜನೆ ಗೋದಾಮಿಗೆ ಬಂತು. ಹೊಲಿಯಲು ಯಂತ್ರ, ಹೊರಲು ಆರು ಜನ, ಪಗಾರ ಅವರವರ ಬ್ಯಾಂಕಿಗೆ. ಉಳಿದ ನಾಲ್ವರಿಗೆ ಶಾಲು ಹೊದಿಸಿ ಕಳಿಸುವುದು. ಹುಲಿಗೆಪ್ಪ ಆಫೀಸಿಗೆ ಓಡಿದ. ಕುರ್ಚಿ ಖಾಲಿಯಿದ್ದರೂ ಕೂರಲಿಲ್ಲ.

“ಅವತ್ತ ನಾ ಬಡಾಯಿ ಕೊಚ್ಚೇನ್ರಿ ಅಕ್ಕಾರ. ಹತ್ತೂ ಮಂದಿ ಬೇಕಾಗ್ತಾರ.”

“ಕಾಕಾ, ಅವತ್ತ ನೀವ ಖರೇ ಹೇಳೀರಿ,” ಎಂದಳು ಅನುಜಾ, ಮೆಲ್ಲಗೆ. “ಅದರ ಮ್ಯಾಲೇ ಎಲ್ಲಾ ಪ್ಲ್ಯಾನ್ ಮಾಡೇವಿ. ಈಗ ಸುಳ್ಳ ಯಾಕ ಹೇಳ್ತೀರಿ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹುಲಿಗೆಪ್ಪ ನಾಚಿಕೆಯಿಂದ ಹಿಡಿಯಷ್ಟಾದ. ಮನೆಗೆ ಹೋಗುವ ಮಾಧವನಗರದ ಆಟೊದಲ್ಲಿ ಗುರುತಿನವರು ಕಂಡರೂ ಮುಖ ತಿರುಗಿಸಿ ಕೂತ. ಇದೆಲ್ಲ ಯಾರ ಮಾತಿನಿಂದ ಆಯಿತೆಂದು ಪರಸಪ್ಪನಿಗೋ ತಿಳಿಯದು. ಚಹಾದ ಗಾಡಿಯ ಮುಂದೆ ನಿಂತು, “ನಮ್ಮ ಹುಲಿಗೆಪ್ಪಗ ಕುರ್ಚಿ ಕೊಟ್ಟ ಕೇಳ್ಯಾರ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನು ಹೊಗಳಿದಷ್ಟೂ ಇವನಿಗೆ ತನ್ನ ಮೇಲೆ ಹೇಸಿಗೆ.

ಕೊನೆಯ ದಿನ ಪರಸಪ್ಪ ಶಾಲು ಮಡಿಚಿಟ್ಟು, ಚೀಲ ಹೊಲಿಯುವ ದಬ್ಬಳವನ್ನು ಒರೆಸುತ್ತಿದ್ದ. ಹುಲಿಗೆಪ್ಪ ಅವನೆದುರು ಕುಕ್ಕರಗಾಲಿನಲ್ಲಿ ಕೂತ.

“ಕಾಕಾ, ಹೊರಾವ್ರು ಆರ ಮಂದಿ ಅಂತ ಆಫೀಸಿನ್ಯಾಗ ಹೇಳಿದಾಂವ ನಾನ.”

ಪರಸಪ್ಪನ ಕೈ ನಿಂತಿತು. ಬೈದಿದ್ದರೆ ಹುಲಿಗೆಪ್ಪ ಕಾಲಿಗೆ ಬೀಳುತ್ತಿದ್ದ. ಮುದುಕ ಬೈಯಲಿಲ್ಲ.

“ನಿನ್ನ ಕೈ ಮುರಿದ ವರ್ಷ ನನಗೂ ಕೇಳಿದ್ರು,” ಎಂದ. “ಸಿದ್ದಪ್ಪ ಸಾವಕಾರ್ರು ಖುದ್ದ ಬಂದು, ಎಷ್ಟ ಮಂದಿ ಹೊರತೀರಿ ಅಂತ.”

“ಏನ ಹೇಳಿದ್ರಿ?”

“ಹತ್ತ ಅಂದ್ನಿ.”