ಕೇಳಿದ ಪ್ರಶ್ನೆ ತಲುಪಿತೇ?

ಗದಗಿನ ಪಾರ್ವತಮ್ಮ ಓದಿದ್ದು ಮೆಟ್ರಿಕ್‌ವರೆಗೆ. ಮದುವೆಯಾಗಿ ವಡೋದರಾಕ್ಕೆ ಬಂದು, ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ದುಡಿದರು. ಅಲ್ಲಿಗೆ ಮೊದಲ ಕಂಪ್ಯೂಟರು ಬಂದಾಗ ಉಳಿದವರು ಹಾವು ಕಂಡವರ ಹಾಗೆ ಹಿಂದೆ ಸರಿದರು; ಇವರು ಸೆರಗು ಸಿಕ್ಕಿಸಿ ಮುಂದೆ ಹೋದರು. ನಿವೃತ್ತಿಯ ಹೊತ್ತಿಗೆ ಪಕ್ಕದ ಫತೇಗಂಜ್ ಬಡಾವಣೆಯ ಹಾಸ್ಟೆಲ್ ಹುಡುಗರು ಪ್ರೋಗ್ರಾಂ ಕೈಕೊಟ್ಟಾಗಲೆಲ್ಲ ಇವರ ಬಾಗಿಲು ತಟ್ಟುವಂತಾಗಿತ್ತು. ಯಾರ ಮುಂದೆಯೂ ಕೈಕಟ್ಟಿ ಕಲಿತದ್ದಲ್ಲ, ತಾವೇ ತಡಕಾಡಿ ದಕ್ಕಿಸಿಕೊಂಡ ವಿದ್ಯೆ.

ಅದೇ ವಿದ್ಯೆ ಅರವತ್ತು ದಾಟಿದ ಮೇಲೆ ಅವರನ್ನು ಸೂರತ್ತಿನ ಒಂದು ಸಗಟು ಸೀರೆ ಕಂಪನಿಗೆ ಕರೆದೊಯ್ದಿತು. ಅಲ್ಲಿಯ ಲಕ್ಷಾಂತರ ಸೀರೆಗಳಲ್ಲಿ ಬೇಕಾದದ್ದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಹುಡುಕಿ ಕೊಡುವ ಸರ್ಚ್ ಸರ್ವರನ್ನು ಕೂರಿಸಿದವರು ಪಾರ್ವತಮ್ಮ. ಓಪನ್ ಸೋರ್ಸ್ ಸರ್ವರು, ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಎರಡು ವರ್ಷ ಅದನ್ನು ಹಡೆದ ಮಗುವಿನಂತೆ ಸಾಕಿದ್ದರು.

ಆ ಶನಿವಾರ ಬೆಳಿಗ್ಗೆ ಎಂದಿನಂತೆ ವಡೋದರಾದ ರೈಲಿಳಿದು ಆಫೀಸಿಗೆ ಬಂದರೆ ಎಲ್ಲರ ಮುಖ ಸಪ್ಪಗಿತ್ತು. ಕಂಪನಿಯ ಅತಿ ದೊಡ್ಡ ಗಿರಾಕಿ ಅಂಗಡಿಗೆ ಎರಡು ದಿನದಿಂದ ಏನು ಹುಡುಕಿದರೂ ‘ಏನೂ ಸಿಗಲಿಲ್ಲ’ ಎಂದೇ ಬರುತ್ತಿತ್ತು. ಸಣ್ಣ ಅಂಗಡಿಗಳಿಗೆ ಎಲ್ಲವೂ ಸರಿಯಾಗಿ ಸಿಗುತ್ತಿತ್ತು.

“ಬೆನ್, ನಿಮ್ಮ ಸರ್ವರು ಮುದಿಯಾಯಿತು,” ಎಂದ ಎಂಜಿನಿಯರುಗಳ ಮುಖ್ಯಸ್ಥ ರಾಕೇಶ್, ಗುಜರಾತಿಯಲ್ಲಿ. ಅಲ್ಲಿ ಅಕ್ಕನಿಗೆ ಬೆನ್ ಎನ್ನುತ್ತಾರೆ. “ಸೋಮವಾರ ಮೀಟಿಂಗ್ ಇದೆ. ಇದನ್ನು ಕಿತ್ತು ಬೇರೆ ಕೊಳ್ಳುತ್ತೇವೆ.”

“ಮುದಿ ಅಂದದ್ದು ಅದಕ್ಕೋ, ನನಗೋ?” ಪಾರ್ವತಮ್ಮನೂ ಗುಜರಾತಿಯಲ್ಲೇ ಕೇಳಿದರು. ರಾಕೇಶ್ ಚಹಾದ ಕಪ್ಪಿನಲ್ಲಿ ಮುಖ ಹುದುಗಿಸಿದ.

ಅಲ್ಲಿ ಕನ್ನಡ ಬಲ್ಲ ಇನ್ನೊಬ್ಬಳೆಂದರೆ ಕಿರಿಯ ಎಂಜಿನಿಯರು ಸ್ವಾತಿ. ಬ್ಯಾಂಕಿನವರ ಮಗಳು, ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಬೆಳೆದವಳು. ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. “ಆಂಟಿ, ನಾನು ಪೂರಾ ಲಿಸ್ಟ್ ತೀನ್ ಬಾರ್ ಹೊಸದಾಗಿ ಮಾಡಿದೆ. ಸೀರೆ ಎಲ್ಲಾ ಒಳಗೇ ಇದೆ. ಫಿರ್ ಭೀ ಬರಲ್ಲ!”

“ಸೀರಿ ಒಳಗ ಅದಾವೇನಂತ ಮೂರು ಸಲ ನೋಡಿದಿ. ಪ್ರಶ್ನಿ ಒಳಗ ಬಂತೇನಂತ ಒಂದು ಸಲರೆ ನೋಡಿದೇನವಾ?”

ಸ್ವಾತಿ ಕುರ್ಚಿ ಸರಿಸಿ ಅವರಿಗೆ ಜಾಗ ಬಿಟ್ಟಳು.

ರೈಲ್ವೆಯಲ್ಲಿದ್ದಾಗ, ಪಾರ್ಸೆಲ್ ಕಳೆಯಿತೆಂದು ಯಾರಾದರೂ ಕೂಗಾಡಿಕೊಂಡು ಬಂದರೆ ಹೊಸ ಗುಮಾಸ್ತರು ಗೋದಾಮಿಗೆ ಓಡುತ್ತಿದ್ದರು. ಪಾರ್ವತಮ್ಮ ಕೂತಲ್ಲಿಂದ ಏಳದೆ, ಬಂದ ಮಾಲಿನ ರಿಜಿಸ್ಟರು ತೆಗೆಯುತ್ತಿದ್ದರು. ಸರ್ವರಿನ ರಿಜಿಸ್ಟರೆಂದರೆ ಅದರ ಲಾಗ್. ತೆರೆದು ನೋಡಿದರೆ ಸಣ್ಣ ಅಂಗಡಿಗಳ ಪ್ರಶ್ನೆಗಳೆಲ್ಲ ಇವೆ, ದೊಡ್ಡ ಅಂಗಡಿಯದು ಎರಡು ದಿನದಿಂದ ಒಂದು ಸಾಲೂ ಇಲ್ಲ!

“ಪಾಪ, ನಮ್ಮ ಸರ್ವರಿಗೆ ಯಾರೂ ಏನೂ ಕೇಳೇ ಇಲ್ಲ ನೋಡವಾ. ಕೇಳಿದ್ದು ಬಾಗಲದಾಗಿಂದ ವಾಪಸ್ ಹೋಗೈತಿ.”

ಆದರೆ ಯಾಕೆ? ಪ್ರತಿ ಅಂಗಡಿಗೆ ಅದರದೇ ಡಿಸೈನುಗಳನ್ನಷ್ಟೇ ತೋರಿಸಬೇಕು. ಅದಕ್ಕಾಗಿ ಕಂಪನಿಯ ಪ್ರೋಗ್ರಾಂ ಪ್ರತಿ ಪ್ರಶ್ನೆಯ ಬಾಲಕ್ಕೂ ಆ ಅಂಗಡಿಯ ಡಿಸೈನ್ ನಂಬರುಗಳನ್ನೆಲ್ಲ ಕಟ್ಟಿ ಕಳಿಸುತ್ತಿತ್ತು. ಈ ವಾರ ದೊಡ್ಡ ಅಂಗಡಿಯ ನಂಬರುಗಳು ಒಂಬೈನೂರಕ್ಕೆ ಏರಿದ್ದವು. ಪಾರ್ವತಮ್ಮ ಅದೇ ಪ್ರಶ್ನೆಯನ್ನು ತಾವೇ ನೇರವಾಗಿ ಸರ್ವರಿಗೆ ಕಳಿಸಿದರು. ನಾನೂರೈವತ್ತು ನಂಬರು ಕಟ್ಟಿದಾಗ ಸೀರೆಗಳು ಬಂದವು. ಏಳುನೂರಕ್ಕೂ ಬಂದವು. ಒಂಬೈನೂರು ಕಟ್ಟಿದಾಗ ಸರ್ವರು ಬಾಯಿಬಿಟ್ಟು ಹೇಳಿತು: ಪ್ರಶ್ನೆ ಹೊತ್ತ ವೆಬ್ ವಿಳಾಸ ಮಿತಿಗಿಂತ ಉದ್ದ, ತೆಗೆದುಕೊಳ್ಳಲಾರೆ. ಪ್ರೋಗ್ರಾಂ ಈ ಮಾತನ್ನು ನುಂಗಿ, ಗಿರಾಕಿಗೆ ‘ಏನೂ ಸಿಗಲಿಲ್ಲ’ ಎಂದು ಸುಳ್ಳು ಹೇಳುತ್ತಿತ್ತು.

ಪಾರ್ವತಮ್ಮ ರಾಕೇಶನನ್ನು ಕರೆದರು. “ಪಾರ್ಸೆಲ್ ಕಳಿಸುವಾಗ ಚೀಟಿಯ ಮೇಲೆ ವಿಳಾಸ ಬರೆಯುತ್ತೀರೋ, ಒಳಗಿನ ಒಂಬೈನೂರು ಸಾಮಾನಿನ ಹೆಸರೂ ಬರೆಯುತ್ತೀರೋ? ನಿಮ್ಮ ಪ್ರೋಗ್ರಾಂ ಪ್ರಶ್ನೆಯನ್ನೆಲ್ಲ ವಿಳಾಸದ ಸಾಲಿನಲ್ಲೇ ತುರುಕುತ್ತಿದೆ.”

“ಹಾಗಾದರೆ ಮಿತಿ ಹೆಚ್ಚಿಸೋಣ ಬೆನ್. ಐದು ನಿಮಿಷದ ಕೆಲಸ.”

“ಇವತ್ತು ಹೆಚ್ಚಿಸುತ್ತೀರಿ, ದೀಪಾವಳಿಗೆ ಡಿಸೈನು ದುಪ್ಪಟ್ಟಾಗುತ್ತದೆ. ಬಾಗಿಲು ಎಷ್ಟು ಸಲ ಒಡೆಸುತ್ತೀರಿ? ವಿಳಾಸ ಚಿಕ್ಕದಿರಲಿ, ಪ್ರಶ್ನೆ ಗಂಟಿನೊಳಗೆ ಹೋಗಲಿ.”

ವಿಳಾಸದಲ್ಲಿ ಹೋಗುತ್ತಿದ್ದ ಪ್ರಶ್ನೆಯನ್ನು ಪೋಸ್ಟ್ ವಿಧಾನದಲ್ಲಿ ಒಳಗೆ ಕಟ್ಟಿ ಕಳಿಸಲು ಸ್ವಾತಿ ಬದಲಿಸಬೇಕಾದದ್ದು ಮೂರೇ ಸಾಲು. ಸರ್ವರು ಬೇಡವೆಂದರೆ ಅದನ್ನು ಮುಚ್ಚಿಡದೆ ಹೇಳುವ ಇನ್ನೆರಡು ಸಾಲನ್ನು ಪಾರ್ವತಮ್ಮ ಹಟ ಹಿಡಿದು ಸೇರಿಸಿದರು. ಆಮೇಲೆ ಸ್ವಾತಿ ದೊಡ್ಡ ಅಂಗಡಿಯ ಹೆಸರಿನಲ್ಲಿ ‘ಕೆಂಪು ಬಾಂಧಣಿ’ ಎಂದು ಬರೆದು ಗುಂಡಿ ಒತ್ತಿದಳು.

ಪರದೆ ಕೆಂಪಗಾಯಿತು. ಎಪ್ಪತ್ಮೂರು ಸೀರೆಗಳು!

“ಆಂಟೀ!” ಸ್ವಾತಿ ಅವರ ಕೊರಳಿಗೇ ಜೋತುಬಿದ್ದಳು.

“ಬಿಡ, ಬಿಡ, ಕೊಳ್ಳ ಮುರದೀತು,” ಎಂದು ಗದರಿಸಿದರೂ ಪಾರ್ವತಮ್ಮನ ಮುಖ ಅರಳಿ ಮೊರದಗಲವಾಗಿತ್ತು.

ರಾಕೇಶ್ ಸಣ್ಣ ಮನುಷ್ಯನಲ್ಲ. ಎಲ್ಲರೆದುರು ಮಾಲೀಕರಿಗೆ ಫೋನು ಹಚ್ಚಿದ. “ಸರ್ವರು ಸರಿಯಾಗೇ ಇತ್ತು ಸರ್. ನಾವು ಕೇಳುತ್ತಿದ್ದ ರೀತಿ ತಪ್ಪಿತ್ತು. ಪಾರ್ವತೀಬೆನ್ ಹಿಡಿದರು. ಇದನ್ನು ಕೀಳುವುದು ಬೇಡ.” ಫೋನಿಟ್ಟು ತಿರುಗಿದ. “ಬೆನ್, ಸೋಮವಾರದ ಮೀಟಿಂಗ್ ಈಗ ನಿಮ್ಮದು. ಇದನ್ನು ಹೇಗೆ ಹುಡುಕಿದಿರಿ ಅಂತ ಹತ್ತು ಗಂಟೆಗೆ ನಮಗೆಲ್ಲ ಹೇಳಿಕೊಡಬೇಕು.”

“ಹತ್ತಕ್ಕೆ ಆಗದು,” ಎಂದರು ಪಾರ್ವತಮ್ಮ ಚೀಲ ಹೆಗಲಿಗೇರಿಸುತ್ತ. “ನನ್ನ ಗಾಡಿ ಬರುವುದೇ ಹತ್ತೂವರೆಗೆ. ಹನ್ನೊಂದಕ್ಕೆ ಎಲ್ಲರನ್ನೂ ಕೂರಿಸಿರಿ. ನೀವೂ ಮುಂದಿನ ಸಾಲಿನಲ್ಲಿ.”