ನಾನು ನಕ್ಷೆಯಲ್ಲಿ ಮುಚ್ಚಿದ ಕೆರೆ

ನೀರುಗಂಟಿ ಅಜ್ಜಿಯ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವತ್ತೋ ಕೆರೆಯ ತೂಬಿನ ಕಲ್ಲು ಜಾರಿ ಬಿದ್ದು ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಆ ಬೋಳು ಬೆರಳನ್ನೇ ಮಣ್ಣಿಗೊತ್ತಿ, ಅರಿಶಿನದ ಹೊಲಕ್ಕೆ ಇನ್ನೆಷ್ಟು ಹೊತ್ತು ನೀರು ಬೇಕೆಂದು ಹೇಳುತ್ತಿದ್ದರು. ಕೆರೆಯ ನೀರನ್ನು ಸರದಿ ಪ್ರಕಾರ ಹೊಲಗದ್ದೆಗಳಿಗೆ ಹಂಚುವ ಕೆಲಸ ಗಂಡ ಸತ್ತ ಮೇಲೆ ಅವರಿಗೆ ಬಂದಿತ್ತು. ಹೆಂಗಸು ತೂಬು ಎತ್ತುವುದುಂಟೇ ಎಂದು ಗೊಣಗಿದವರು ಮೊದಲ ವರ್ಷವೇ ಬಾಯಿ ಮುಚ್ಚಿಕೊಂಡರಂತೆ. ಸರದಿ ತಪ್ಪಿಸಿ ನೀರು ಕೇಳಲು ಬಂದವರು ಎಷ್ಟೇ ದೊಡ್ಡ ಕುಳವಾಗಿರಲಿ, "ನಿಮ್ ಸರದಿ ನಾಳಿಕೆ, ಓಗಿ ಮನಿಕಳಿ" ಎಂದು ಕಳಿಸಿಬಿಡುತ್ತಿದ್ದರು.

ನಾನು ಗುಂಡ್ಲುಪೇಟೆಯವಳು. ದಿನಾ ಬೆಳಗ್ಗೆ ಬಸ್ಸು ಹಿಡಿದು ಚಾಮರಾಜನಗರದ ಒಂದು ಸಣ್ಣ ಕಚೇರಿಗೆ ಹೋಗಿ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು ನನ್ನ ಕಸುಬು. ಬಿದ್ದ ಮಳೆ ಎಲ್ಲಿಗೆ ಹರಿಯುತ್ತದೆ, ಎಲ್ಲಿ ಇಂಗುತ್ತದೆ ಎಂದು ಲೆಕ್ಕ ಹಾಕುವ ಜಲಾನಯನ ಮಾದರಿಗೆ ನೆಲದ ಎತ್ತರ, ಮಣ್ಣು, ಬೆಳೆ, ಹಳ್ಳಗಳ ವಿವರಗಳನ್ನು ಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರಿನಲ್ಲಿ ಹಸನು ಮಾಡಿ ಕೊಡಬೇಕು. ಅಡುಗೆ ಬೇರೆಯವರದು, ಅಕ್ಕಿ ಆರಿಸುವುದು ನನ್ನದು. ಉಪಗ್ರಹದ ಎತ್ತರದ ಚಿತ್ರದಲ್ಲಿ ಅಲ್ಲಲ್ಲಿ ತಗ್ಗುಗಳಿರುತ್ತವೆ. ಬಹಳಷ್ಟು ಬರೀ ತಪ್ಪುಗಳು. ಹಾಗೇ ಬಿಟ್ಟರೆ ಲೆಕ್ಕದ ನೀರು ಮುಂದಕ್ಕೆ ಹರಿಯದೆ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಸಾಫ್ಟ್‌ವೇರಿನಲ್ಲಿ ಎಲ್ಲ ತಗ್ಗುಗಳನ್ನೂ ಒಂದೇ ಏಟಿಗೆ ಮುಚ್ಚುವ ಸೌಕರ್ಯವಿದೆ. ಹರವೆ ಹೋಬಳಿಯ ಊರುಗಳು ನನ್ನ ಪಾಲಿಗೆ ಬಂದಾಗ ನಾನೂ ಹಾಗೇ ಮುಚ್ಚಿದೆ. ಕಲಿತದ್ದೇ ಅದು, ಜೊತೆಗೆ ಒಂದಿಷ್ಟು ಜಂಭವೂ ಇತ್ತು.

ಆ ನಕ್ಷೆಯನ್ನು ಅದೇ ಹೋಬಳಿಯ, ನೀರುಗಂಟಿ ಅಜ್ಜಿಯ ಊರಿನ ಶಾಲೆಯ ಗೋಡೆಗೆ ಅಂಟಿಸಿ ಸಭೆ ನಡೆಸಿದೆವು. ಯಾವ ಕೆರೆಯ ಹೂಳೆತ್ತಬೇಕು, ಯಾವ ಕಾಲುವೆ ತೆಗೆಸಬೇಕು ಎನ್ನುವುದು ಇದರ ಮೇಲೆಯೇ ತೀರ್ಮಾನವಾಗುತ್ತದೆ, ಈಗ ಬಿಟ್ಟುಹೋದ ಕೆರೆಗೆ ಮತ್ತೆ ಸರದಿ ಯಾವಾಗಲೋ ಗೊತ್ತಿಲ್ಲ ಎಂದು ವಿವರಿಸಿದೆ. ಅಜ್ಜಿ ಎದ್ದು ಬಂದು, ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ನಮ್ ಕೆರೆ ಎಲ್ಲದ್ದಮ್ಮಿ?"

"ಮಳೆ ನೀರೆಲ್ಲ ಪೂರ್ವಕ್ಕೆ ಹೋಗ್ತದೆ ಅಜ್ಜಿ. ನಿಮ್ಮ ಕೆರೆಗೆ ನೀರು ಬರೋ ದಾರಿನೇ ಇಲ್ಲ. ಉಪಗ್ರಹ ಮೇಲಿಂದ ನೋಡಿರೋದು."

"ಮೇಲಿಂದ ನೋಡ್ದೋರ್ಗೆ ತಲೆ ಕಾಣ್ತದ. ಕಾಲು ಕಂಡದಾ?"

ಜನ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿ ಮಾತ್ರ ನಗಲಿಲ್ಲ. ನನ್ನ ಮುಂಗೈ ಹಿಡಿದು, "ನಡ್ಕಂಡು ಓಗನ ಬಾ ಕಣಮ್ಮಿ. ನೀ ಬರ್ದಿದ್ದೇ ನಿಜ ಆದ್ರ ನಾನು ಇನ್ನೊಂದ್ ಮಾತಾಡಕಿಲ್ಲ" ಎಂದರು.

ಗುಡ್ಡದ ಬುಡಕ್ಕೆ ಎರಡು ಮೈಲಿ. ನಾನು ಏದುಸಿರು ಬಿಡುತ್ತ ಹಿಂದೆ, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ. ಒಂದು ಬೋರೆಯ ಮೇಲೆ ನಿಂತು, ನನ್ನ ಬಾಟಲಿ ಕಿತ್ತುಕೊಂಡು ನೆಲಕ್ಕೆ ನೀರು ಸುರಿದರು. ನೀರು ಸೀದಾ ಪೂರ್ವಕ್ಕೆ ಹರಿಯಿತು. ನನ್ನ ಸಂತೋಷ ಮುಚ್ಚಿಡಲಾಗಲಿಲ್ಲ.

"ನೋಡಿ ಅಜ್ಜಿ!"

"ಊಂ ಕಣಮ್ಮಿ, ಪೂರ್ವಕ್ಕೇ ಓಯ್ತದ. ಅದ್ಕೇ ನಮ್ಮೋರು ಅಗ್ದಿದ್ದು."

ಹತ್ತು ಹೆಜ್ಜೆ ಆಚೆ ಲಂಟಾನದ ಪೊದೆಯನ್ನು ಕೋಲಿನಿಂದ ಸರಿಸಿದರು. ಅಲ್ಲಿತ್ತು ಕಾಲುವೆ. ಎರಡು ಮಾರು ಅಗಲ, ಎರಡೂ ಬದಿಗೆ ಕಲ್ಲು, ಗುಡ್ಡದ ಹೊಟ್ಟೆ ಬಳಸಿಕೊಂಡು ಪಶ್ಚಿಮಕ್ಕೆ ಹೊರಟಿತ್ತು. ಬಾಯಿಗೆ ಮಾತ್ರ ಹೊಸ ರಸ್ತೆಯ ಮಣ್ಣು ಬಿದ್ದಿತ್ತು. ನನ್ನ ಎತ್ತರದ ಚಿತ್ರದ ಒಂದೊಂದು ಚೌಕವೂ ಮೂವತ್ತು ಮೀಟರ್ ಅಗಲ. ಕೈಯಲ್ಲಿ ತೋಡಿದ ಎರಡು ಮಾರಿನ ಕಾಲುವೆ ಅದಕ್ಕೆ ಕಾಣುವುದೆಲ್ಲಿಂದ? ನೀರಿನ ದಾರಿಯೇ ಕಾಣದ ಮೇಲೆ ಕೆರೆಯೂ ತಪ್ಪು ತಗ್ಗುಗಳ ಜೊತೆ ಮುಚ್ಚಿಹೋಗಿತ್ತು. ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟೆ. ನಾಚಿಕೆಯಿಂದ ಕಣ್ಣು ತುಂಬಿತು.

"ನಿಮ್ಮ ಕೆರೆನ ನಾನೇ ಮುಚ್ಚಿಬಿಟ್ಟಿದ್ದೀನಿ ಅಜ್ಜಿ."

"ಮುಚ್ಚಿದೋಳು ನೀನೇ ತಾನೆ? ನೀನೇ ತಗಿ. ಅಳ್ತಾ ಕುಂತ್ಕಂಡ್ರ ಕೆರೆ ಊಳು ಓಯ್ತದಾ?"

ಮರುದಿನ ಕಚೇರಿಯಲ್ಲಿ ಹೇಳಿದರೆ ಸಾಹೇಬರು ಸಿಡುಕಿದರು. ಒಂದು ಊರಿಗೋಸ್ಕರ ಎಲ್ಲವನ್ನೂ ಮತ್ತೆ ಮಾಡುವುದು ಬೇಡ, ಸೋಮವಾರ ಕಳಿಸಲೇಬೇಕು ಎಂದರು. ನಾನೂ ಹಟ ಹಿಡಿದೆ. ಸೋಮವಾರವೇ ಕಳಿಸುತ್ತೇನೆ, ಆದರೆ ಸರಿಮಾಡಿ ಕಳಿಸುತ್ತೇನೆ ಎಂದು ಬಂದುಬಿಟ್ಟೆ. ಶನಿವಾರ ಮೊಬೈಲಿನಲ್ಲಿ ಜಿಪಿಎಸ್ ಹಾಕಿಕೊಂಡು ಅಜ್ಜಿಯ ಹಿಂದೆ ಕಾಲುವೆಯ ಬಾಯಿಂದ ಕೆರೆಯ ತನಕ ನಡೆದೆ. ಅವರು ನಿಂತಲ್ಲೆಲ್ಲ ನಿಂತು ಗುರುತು ಹಾಕಿಕೊಂಡೆ. ಭಾನುವಾರ ಆ ಗೆರೆಯನ್ನು ಎತ್ತರದ ಚಿತ್ರದೊಳಕ್ಕೆ ಕೊರೆದು, ಕೆರೆಯನ್ನು ಮುಚ್ಚದಂತೆ ಗುರುತಿಸಿ, ಲೆಕ್ಕವನ್ನು ಮೊದಲಿನಿಂದ ಓಡಿಸಿದೆ. ನೀಲಿ ಗೆರೆ ಬೋರೆಯ ಹತ್ತಿರ ಬಂದು ಪಶ್ಚಿಮಕ್ಕೆ ತಿರುಗಿದಾಗ ಖಾಲಿ ಕಚೇರಿಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಸುತ್ತಿನ ಊರುಗಳಿಗೆಲ್ಲ ಫೋನ್ ಮಾಡಿ ವಿಚಾರಿಸಿದರೆ ಇನ್ನೂ ಮೂರು ಕಟ್ಟೆಗಳನ್ನು ಹೀಗೇ ಮುಚ್ಚಿಹಾಕಿದ್ದು ಗೊತ್ತಾಯಿತು. ಅವನ್ನೂ ತೆಗೆದೆ.

ಕೆರೆ ಪಟ್ಟಿಗೆ ಸೇರಿತು. ಹೂಳು ತೆಗೆದರು, ಕಾಲುವೆಯ ಬಾಯಿ ಬಿಡಿಸಿದರು. ಮುಂದಿನ ಮಳೆಗಾಲದಲ್ಲಿ ಅಜ್ಜಿ ತೂಬು ಎತ್ತಿದ ದಿನ ನಾನೂ ಹೋಗಿದ್ದೆ. ಹೊಗಳುತ್ತಾರೆಂದು ಆಸೆಪಟ್ಟಿದ್ದೆ. "ಊಟ ಮಾಡ್ಕಂಡು ಓಗು" ಎಂದಷ್ಟೇ ಹೇಳಿ ನೀರಿನ ಹಿಂದೆ ನಡೆದುಬಿಟ್ಟರು. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾಲ್ಕು ದಿನ ಜ್ವರದಲ್ಲಿ ಮಲಗಿ ತೀರಿಕೊಂಡರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣೂ ಆಗಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ನಮ್ಮ ದತ್ತಾಂಶದ ಪಟ್ಟಿಯಲ್ಲಿ ಪ್ರತಿ ಗೆರೆಗೂ ಅದು ಎಲ್ಲಿಂದ ಬಂತೆಂದು ಬರೆಯುವ ಕಾಲಂ ಇರುತ್ತದೆ. ಎಲ್ಲದರ ಮುಂದೆ ಉಪಗ್ರಹದ ಹೆಸರಿದ್ದರೆ, ಆ ಕಾಲುವೆಯ ಮುಂದೆ ನಾನು "ಊರಿನ ನೀರುಗಂಟಿ ನಡೆದು ತೋರಿಸಿದ್ದು" ಎಂದು ಬರೆದಿದ್ದೆ. ಮೊನ್ನೆ ಹೊಸದಾಗಿ ಬಂದ ಪರಿಶೀಲಕರೊಬ್ಬರು ಫೋನ್ ಮಾಡಿದರು.

"ಮೇಡಂ, ಈ ಗೆರೆ ಯಾವ ಚಿತ್ರದಲ್ಲೂ ಇಲ್ಲ. ತೆಗೆದುಬಿಡ್ಲಾ?"

"ತೆಗೀಬೇಡಿ."

"ಹಾಗಾದ್ರೆ ಆ ನೀರುಗಂಟಿ ನಂಬರ್ ಕೊಡಿ, ವಿಚಾರಿಸ್ತೀನಿ."

"ಅವರು ತೀರಿಕೊಂಡರು ಸಾರ್."

"ಮತ್ತೆ ಯಾರನ್ನ ಕೇಳೋದು?"

"ನನ್ನ ಕೇಳಿ. ಯಾವತ್ತು ಬರ್ತೀರಿ ಹೇಳಿ, ನಡೆದು ತೋರಿಸ್ತೀನಿ" ಎಂದೆ.